ಟೈಲ್ಸ್ ಮೇಲಿನ ಬಣ್ಣ, ಕೆಳಗಿನ ಮನೆಯ ಸೀಲಿಂಗು

ಹೋದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ನಲವತ್ತು ಸೆಕೆಂಡಿನ ವಿಡಿಯೋ. ಹಳೇ ಬಾತ್‌ರೂಮು, ಹಸಿರು ಹೂವಿನ ಟೈಲ್ಸು, ಸಂದಿಗಳಲ್ಲೆಲ್ಲ ಕಪ್ಪು. ಒಬ್ಬಾಕೆ ಬಂದು ಕೂದಲು ಮೇಲಕ್ಕೆ ಕಟ್ಟಿಕೊಳ್ಳುತ್ತಾಳೆ, ರೋಲರ್ ಎತ್ತಿಕೊಂಡು ಆ ಕಡೆ ಈ ಕಡೆ ನಾಲ್ಕು ಸಲ ಎಳೆಯುತ್ತಾಳೆ, ಅಷ್ಟರಲ್ಲಿ ಬಾತ್‌ರೂಮು ಹಾಲಿನ ಹಾಗೆ ಬೆಳ್ಳಗೆ. ಕೊನೇ ಸೀನಿನಲ್ಲಿ ಮೂಲೆಗೊಂದು ಮನಿ ಪ್ಲಾಂಟು. ‘ಅಣ್ಣಾ, ನಮ್ ಫ್ಲಾಟ್ ಮಾರೋಕೆ ಮುಂಚೆ ನಾನೂ ಇದನ್ನೇ ಮಾಡಿಸ್ತೀನಿ. ಒಡೆದು ಹೊಸ ಟೈಲ್ಸ್ ಹಾಕ್ಸಿದ್ರೆ ಒಂದೂವರೆ ಲಕ್ಷ ಕೇಳ್ತಾರೆ. ಇದು ಹದಿನೈದು ಸಾವಿರದಲ್ಲಿ ಮುಗಿಯುತ್ತೆ. ನಿಮ್ಗೆ ಯಾರೋ ಟೈಲ್ಸ್ ಪೇಂಟರ್ ಗೊತ್ತಂತಲ್ಲ, ನಂಬರ್ ಕೊಡಿ’ ಅಂದ.

ನಂಬರ್ ನನ್ನ ಹತ್ತಿರ ಇದೆ. ಆದರೂ ಕೊಡಲಿಲ್ಲ. ಯಾಕೆ ಅಂತ ಅಲ್ಲಿ ಊಟದ ಮಧ್ಯೆ ಹೇಳೋಕೂ ಆಗಲಿಲ್ಲ, ‘ಹುಡುಕಿ ಹೇಳ್ತೀನಿ ಇರು’ ಅಂತ ತಟ್ಟೆ ಎತ್ತಿಕೊಂಡು ಹೋದೆ. ಅವನಿಗೆ ಹೇಳಬೇಕಾಗಿದ್ದನ್ನ ಇಲ್ಲಿ ಬರೀತಿದೀನಿ. ಓದ್ತಾನೆ ಅಂತ ಗೊತ್ತು.

ನನ್ನ ತಕರಾರು ಇಷ್ಟು. ನೀರು ಬೀಳುವ ಜಾಗದ ಟೈಲ್ಸ್ ಮೇಲೆ ಬಣ್ಣ ಬಳಿಯೋದನ್ನ ನಾವು ರಿಪೇರಿ ಅಂತ ಕರೆಯೋದನ್ನು ನಿಲ್ಲಿಸಬೇಕು. ಅದು ರಿಪೇರಿಯಲ್ಲ. ಬಹಳ ಸಲ ಅದು ಸುಳ್ಳು, ಮತ್ತು ಆ ಸುಳ್ಳಿನ ಬಿಲ್ಲನ್ನು ಕಟ್ಟುವವರು ಬೇರೆಯವರು. ಬಾಡಿಗೆಗೆ ಬರುವವನು, ಫ್ಲಾಟು ಕೊಳ್ಳುವವನು, ಇಲ್ಲಾ ನಮ್ಮ ಕೆಳಗಿನ ಮನೆಯಲ್ಲಿ ಇರುವವರು.

ಬಣ್ಣದ ಮೇಲೆ ನನಗೆ ದ್ವೇಷ ಇಲ್ಲ. ಅಡುಗೆಮನೆಯ ಪ್ಲಾಟ್‌ಫಾರಂ ಹಿಂದಿನ ಗೋಡೆಯ ಟೈಲ್ಸು ಗಟ್ಟಿಯಾಗಿದ್ದು, ಬರೀ ಬಣ್ಣ ಬೇಜಾರಾಗಿದ್ದರೆ ಧಾರಾಳವಾಗಿ ಬಳಿಯಿರಿ. ಅದನ್ನ ಒಡೆದು ಹಾಕೋದಕ್ಕಿಂತ ಅದೇ ಒಳ್ಳೇದು. ಆದರೆ ಸರಿಯಾಗಿ ಮಾಡಿ. ಮೊದಲು ಜಿಡ್ಡು ಹೋಗುವ ಹಾಗೆ ತೊಳೆಯಬೇಕು. ಒಗ್ಗರಣೆಯ ಎಣ್ಣೆ ಹತ್ತು ವರ್ಷ ಕೂತಿರುತ್ತೆ ಅಲ್ಲಿ. ಆಮೇಲೆ ಉಪ್ಪು ಕಾಗದದಲ್ಲಿ ಹೊಳಪು ಸಾಯುವ ತನಕ ಉಜ್ಜಬೇಕು, ಧೂಳು ಒರೆಸಬೇಕು, ಟೈಲ್ಸಿಗೆ ಹಿಡಿಯುವ ಪ್ರೈಮರ್ ಹಾಕಬೇಕು, ಅದರ ಮೇಲೆ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಬಣ್ಣ. ಮುಟ್ಟಿದರೆ ಒಣಗಿದೆ ಅನ್ನಿಸೋದು ಬೇರೆ, ಒಳಗೆಲ್ಲ ಗಟ್ಟಿಯಾಗೋದು ಬೇರೆ. ಗಟ್ಟಿಯಾಗೋಕೆ ವಾರದ ಹತ್ತಿರ ಬೇಕು. ಆ ನಲವತ್ತು ಸೆಕೆಂಡಿನ ವಿಡಿಯೋದಲ್ಲಿ ಈ ಯಾವುದೂ ಇರೋದಿಲ್ಲ.

ಬಾತ್‌ರೂಮಿನ ಕಥೆಯೇ ಬೇರೆ.

ಟೈಲ್ಸ್ ಅಂದರೆ ಮಡಕೆಯ ಹತ್ತಿರದ ನೆಂಟ, ಬೇಯಿಸಿದ ಮಣ್ಣು. ಮೇಲೆ ಹೊಳೆಯೋದು ಗ್ಲೇಜು, ಸಾವಿರ ಡಿಗ್ರಿ ದಾಟಿದ ಬೆಂಕಿಯಲ್ಲಿ ಕರಗಿ ಕೂತ ಗಾಜಿನ ಪದರ. ಗಾಜಿಗೆ ಬಣ್ಣ ಕಚ್ಚಿಕೊಳ್ಳೋದು ಕಷ್ಟ, ಹಿಡಿದುಕೊಳ್ಳೋಕೆ ಅಲ್ಲಿ ಒಂದು ಗೀರೂ ಇರೋದಿಲ್ಲ. ಇನ್ನು ಆ ಗಾಜಿನ ಹಿಂದಿರುವ ಮಣ್ಣು. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸಿನ ಮೈ ತನ್ನ ತೂಕದ ಶೇಕಡ 10ಕ್ಕಿಂತ ಹೆಚ್ಚು ನೀರು ಕುಡಿಯುತ್ತೆ. ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್ಸು ಶೇಕಡ 0.5 ದಾಟೋದಿಲ್ಲ. ಮುಂದಿನಿಂದ ನೋಡಿದರೆ ಎರಡೂ ಒಂದೇ ಥರ. ನೀರು ಹಿಂದಿನಿಂದ, ಸಂದಿಯಿಂದ ಬಂದಾಗ ಗೋಡೆಯ ಟೈಲ್ಸು ಸ್ಪಂಜಿನ ಹಾಗೆ ಹೀರಿಕೊಂಡು ಕೂರುತ್ತೆ. ಮೇಲೆ ಬಳಿದ ಬಣ್ಣ ಮೊದಲು ಸಂದಿಯ ಗೆರೆಯಲ್ಲೇ ಏಳೋದು ಅದಕ್ಕೇ. ಉಗುರು ಹಾಕಿ ಎಳೆದರೆ ಹಾಲಿನ ಕೆನೆ ಹಾಗೆ ಬರುತ್ತೆ.

ನನಗೆ ಇದು ಮೊದಲು ಗೊತ್ತಾಗಿದ್ದು 2012ರಲ್ಲಿ, ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ. ಹತ್ತು ತಿಂಗಳ ಅಡ್ವಾನ್ಸು. ಮನೆ ನೋಡೋಕೆ ಹೋದಾಗ ಬಾತ್‌ರೂಮು ಥಳಥಳ. ‘ಈಗಷ್ಟೇ ರಿನೋವೇಟ್ ಮಾಡ್ಸಿದೀವಿ’ ಅಂದರು ಓನರ್ರು. ಮೂರನೇ ತಿಂಗಳಿಗೆ ಬಕೆಟ್ಟು ಇಡುವ ಮೂಲೆಯಲ್ಲಿ ಬಿಳಿ ಸಿಪ್ಪೆ ಎದ್ದಿತು, ಕೆಳಗಿಂದ ಕಂದು ಬಣ್ಣದ ಟೈಲ್ಸು ಇಣುಕಿತು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಹನ್ನೆರಡು ಸಾವಿರ ಮುರಿದುಕೊಂಡರು. ಕಾರಣ? ನಾನು ‘ಟೈಲ್ಸ್ ಹಾಳು ಮಾಡಿದ್ದೆ’. ಸ್ನಾನ ಮಾಡಿದ್ದೇ ತಪ್ಪು. ಆಗ ನಾನು ಆ ಓನರ್ರನ್ನ ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಹತ್ತು ವರ್ಷ ಆದ ಮೇಲೆ ಅದೇ ಕೆಲಸವನ್ನ ನಾನೂ ಮಾಡಿದೆ. ಅವರು ಮಾಡಿದ್ದಕ್ಕಿಂತ ಕೆಟ್ಟದಾಗಿ.

2018ರ ಫೆಬ್ರವರಿಯಲ್ಲಿ ಕನಕಪುರ ರಸ್ತೆಯ ಕಡೆ ಒಂದು ಫ್ಲಾಟಿನ ಬೀಗದ ಕೈ ನನ್ನ ಕೈಗೆ ಬಂತು. ನಾಲ್ಕನೇ ಮಹಡಿ. ಊರಿನಲ್ಲಿ ಹೊಲದ ಮೇಲೆ ಸಾಲ ಮಾಡಿ ಓದಿಸಿದ ಅಪ್ಪನ ಮಗ, ಇಪ್ಪತ್ತು ವರ್ಷದ ಇಎಂಐ ಕಟ್ಟೋಕೆ ನಗುನಗುತ್ತಾ ಸಹಿ ಹಾಕಿದೆ. ನನ್ನ ಕೆಳಗೆ ಮೂರನೇ ಮಹಡಿಯಲ್ಲಿ ರಿಟೈರ್ ಆದ ಮೇಷ್ಟ್ರು, ಅವರ ಹೆಂಡತಿ. ಮಕ್ಕಳು ಹೊರದೇಶದಲ್ಲಿ. ಗೃಹಪ್ರವೇಶಕ್ಕೆ ಬಂದವರು ನನಗೆ ಒಂದು ಪಂಚಪಾತ್ರೆ ಉಡುಗೊರೆ ಕೊಟ್ಟಿದ್ದರು.

2019ರ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮೇಷ್ಟ್ರು ಮೇಲೆ ಬಂದರು. ‘ತೊಂದ್ರೆ ಏನಿಲ್ಲ ಇವ್ರೆ, ಬಿಡುವಾದಾಗ ನಮ್ ಮನೆಗೊಂದು ಸಲ ಬಂದು ಹೋಗಿ’ ಅಂದರು. ಹೋದೆ. ನಮ್ಮ ಬಾತ್‌ರೂಮಿನ ನೇರ ಕೆಳಗೆ ಅವರ ಬಾತ್‌ರೂಮು. ಸೀಲಿಂಗಿನಲ್ಲಿ ಚಹಾ ಚೆಲ್ಲಿದ ಹಾಗೆ ಹಳದಿ ಕಲೆ, ಅಂಚಿನಲ್ಲಿ ಬಿಳಿ ಉಪ್ಪು. ಅವರು ಒಂದು ಮಾತೂ ಗದರಲಿಲ್ಲ. ಕಾಫಿ ಕೊಟ್ಟರು. ಅವರು ಗದರಿದ್ದರೆ ಒಳ್ಳೆಯದಿತ್ತು ಅಂತ ಈಗ ಅನ್ನಿಸುತ್ತೆ.

ಬಿಲ್ಡರ್ ಕಡೆಯ ಆ್ಯಪ್‌ನಲ್ಲಿ ಟಿಕೆಟ್ ಹಾಕಿದೆ. ಮೇಸ್ತ್ರಿ ಒಬ್ಬ ಬಂದು, ಬಾತ್‌ರೂಮಿನ ಬಾಗಿಲಲ್ಲೇ ನಿಂತು, ‘ಜಾಯಿಂಟ್ ಓಪನ್ ಆಗಿದೆ ಸಾರ್, ಫಿಲ್ಲಿಂಗ್ ಮಾಡಿದ್ರೆ ಆಯ್ತು’ ಅಂದ. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬಿದರು. ಟಿಕೆಟ್ ಕ್ಲೋಸ್ಡ್. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಊರಿಂದ ಅವ್ವ, ತಂಗಿ ಬಂದು ನಮ್ಮ ಮನೆಯಲ್ಲೇ ಉಳಿದರು, ನಾನೂ ಹೆಂಡತಿಯೂ ವರ್ಕ್ ಫ್ರಮ್ ಹೋಮ್. ದಿನಕ್ಕೆ ಎಂಟು ಸ್ನಾನ, ಬಟ್ಟೆ, ಬಕೆಟ್ಟು. ಕೆಳಗೆ ಕಲೆ ಎರಡರಷ್ಟಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ನಾನು ಸಾಫ್ಟ್‌ವೇರ್ ಎಂಜಿನಿಯರ್. ದಿನವಿಡೀ ಮಾಡೋ ಕೆಲಸವೇ ‘ಇದು ಯಾವಾಗ ಆಗುತ್ತೆ, ಯಾವಾಗ ಆಗಲ್ಲ’ ಅಂತ ನೋಡೋದು. ಬಳಕೆ ಹೆಚ್ಚಾದರೆ ಸೋರಿಕೆ ಹೆಚ್ಚು, ನಾವು ಊರಿಗೆ ಹೋದ ವಾರ ಸೋರಿಕೆ ಇಲ್ಲ. ಹಾಗಾದರೆ ಸದಾ ನೀರು ತುಂಬಿರುವ ಸಪ್ಲೈ ಪೈಪು ಅಲ್ಲ, ನಾವು ಬಳಸಿ ಬಿಟ್ಟ ನೀರು ಹೋಗುವ ದಾರಿಯಲ್ಲಿ ತೊಂದರೆ. ನೆಲದಲ್ಲೋ, ನೆಲದಡಿಯ ನಹಾನಿ ಟ್ರ್ಯಾಪಿನಲ್ಲೋ, ಡ್ರೈನ್ ಪೈಪಿನಲ್ಲೋ. ಇಷ್ಟು ಯೋಚನೆ ಮಾಡೋಕೆ ಐದು ನಿಮಿಷ ಸಾಕಿತ್ತು. ಮಾಡಲಿಲ್ಲ, ಯಾಕಂದ್ರೆ ಉತ್ತರ ಏನು ಬರುತ್ತೆ ಅಂತ ನನಗೆ ಗೊತ್ತಿತ್ತು. ಒಡೀಬೇಕು ಅಂತ.

2021ರಲ್ಲಿ ಎರಡನೇ ಟಿಕೆಟ್. ಈ ಸಲ ಬಂದವನು ಹೊಸ ಮಾತು ತಂದ. ‘ಕೋಟಿಂಗ್ ಕೊಡೋಣ ಸಾರ್. ಟೈಲ್ಸ್ ಮೇಲೇ ಎಪಾಕ್ಸಿ. ಒಡೆಯೋದೇ ಬೇಡ. ಒಂದ್ ದಿನದ ಕೆಲ್ಸ, ಬಾತ್‌ರೂಮ್ ಹೊಸದಾಗಿ ಕಾಣುತ್ತೆ.’ ನನ್ನ ಹೆಂಡತಿಗೆ ಸಂತೋಷ, ನನಗೆ ಇನ್ನೂ ಸಂತೋಷ. ಕೆಳಗಿನ ಮನೆಯ ಸೀಲಿಂಗು ಸೋರಿದ್ದಕ್ಕೆ ನನ್ನ ಬಾತ್‌ರೂಮಿಗೆ ಮೇಕೋವರ್! ನೆಲಕ್ಕೆ ಬೂದು, ಗೋಡೆಗೆ ಬಿಳಿ. ಬಣ್ಣ ಹೊಡೆದ ಹುಡುಗ ಮಾತ್ರ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದ: ‘ಸಾರ್, ಒಳಗೆ ಏನಾಗಿದೆ ಅಂತ ನೋಡ್ದೇನೇ ಹೊಡಿತಿದೀವಿ. ನಿಲ್ಲಲ್ಲ ಸಾರ್ ಇದು. ನಾನ್ ಹೇಳ್ದೆ ಅಂತ ಹೇಳ್ಬೇಡಿ.’ ದಿನಗೂಲಿಗೆ ಬಂದವನು ನಿಜ ಹೇಳಿದ. ಅವನ ನಂಬರ್ ತಗೊಂಡೆ. ಅವನು ಹೇಳಿದ್ದನ್ನ ಮಾತ್ರ ತಗೊಳ್ಳಲಿಲ್ಲ.

ಅವನಿಗೆ ಗೊತ್ತಿದ್ದಿದ್ದು, ನಮ್ಮಂಥವರಿಗೆ ಗೊತ್ತಿಲ್ಲದ್ದು ಇದು. ನಮ್ಮ ಕಟ್ಟಡದಂಥ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಬಾತ್‌ರೂಮಿನ ಜಾಗದಲ್ಲಿ ಸ್ಲ್ಯಾಬನ್ನು ಒಂದು ಅಡಿಯಷ್ಟು ತಗ್ಗಿಸಿರುತ್ತಾರೆ. ಆ ತಗ್ಗಿನಲ್ಲಿ ಡ್ರೈನ್ ಪೈಪುಗಳನ್ನ ಮಲಗಿಸಿ, ಇಟ್ಟಿಗೆ ಚೂರೋ ಇನ್ನೇನೋ ತುಂಬಿ, ಮೇಲೆ ಕಾಂಕ್ರೀಟು, ಗಾರೆ, ಕೊನೆಗೆ ಟೈಲ್ಸು. ನೀರನ್ನ ತಡೆಯಬೇಕಾದ ವಾಟರ್‌ಪ್ರೂಫಿಂಗ್ ಇರೋದು ಕೆಳಗೆ, ಸ್ಲ್ಯಾಬಿನ ಮೇಲೆ. ಟೈಲ್ಸು ನೀರು ತಡೆಯೋಕೆ ಇರೋದಲ್ಲ, ಉಜ್ಜಿ ತೊಳೆಯೋಕೆ ಅನುಕೂಲ ಆಗಲಿ ಅಂತ ಇರೋದು. ಸಂದಿಗೆ ತುಂಬುವುದು ಸಿಮೆಂಟು, ಅದು ಹೊಸದಿದ್ದಾಗಲೂ ಸ್ವಲ್ಪ ನೀರು ಬಿಡುತ್ತೆ. ಮೇಲಾಗಿ ನಮ್ಮ ಬೋರ್‌ವೆಲ್ ನೀರಿನ ಉಪ್ಪು ಟೈಲ್ಸಿನ ಮೇಲೆ ಬಿಳಿ ಪೊರೆ ಕಟ್ಟುತ್ತೆ. ಅದು ಹೋಗಲಿ ಅಂತ ಅಂಗಡಿಯಿಂದ ಆಸಿಡ್ ತಂದು ಸುರಿಯುತ್ತೇವೆ. ಆಸಿಡ್ಡು ಪೊರೆಯ ಜೊತೆ ಸಂದಿಯ ಸಿಮೆಂಟನ್ನೂ ತಿನ್ನುತ್ತೆ. ವಾರಕ್ಕೊಂದು ಸಲ ಶುದ್ಧ ಮಾಡ್ತೀವಿ ಅಂತ ನಾವೇ ನೀರಿಗೆ ಬಾಗಿಲು ತೆಗೆದು ಕೊಡೋದು.

ಈಗ ತಗ್ಗಿನಲ್ಲಿ ಪೈಪಿನ ಜಾಯಿಂಟು ಬಿಟ್ಟಿದೆ ಅಂತ ಇಟ್ಟುಕೊಳ್ಳಿ. ನೀವು ಮೇಲೆ ಟೈಲ್ಸಿಗೆ ಚಿನ್ನದ ಬಣ್ಣ ಬಳಿದರೂ ಆ ನೀರಿಗೆ ಏನಾಗಬೇಕು? ಅದು ಟೈಲ್ಸಿನ ಕೆಳಗೆ ಹರೀತಿದೆ. ತಗ್ಗು ನಿಧಾನಕ್ಕೆ ತೊಟ್ಟಿಯಾಗುತ್ತೆ. ಮೊದಲು ಆ ತೇವ ಸ್ವಲ್ಪವಾದರೂ ಸಂದಿಗಳ ಮೂಲಕ ಮೇಲೆ ಆರುತ್ತಿತ್ತು. ಬಣ್ಣ ಹೊಡೆದು ಅದನ್ನೂ ಮುಚ್ಚಿದರೆ ಉಳಿದಿರೋದು ಒಂದೇ ದಾರಿ, ಮೇಷ್ಟ್ರ ಮನೆ.

ನಮ್ಮ ಕೆಲಸದಲ್ಲಿ ಇದಕ್ಕೆ ಸಮಾನವಾದ್ದು ಒಂದಿದೆ. ಪ್ರೋಗ್ರಾಂನಲ್ಲಿ ಎಕ್ಸೆಪ್ಷನ್ ಬಂದಾಗ ಅದನ್ನ ಹಿಡಿದು, ಏನೂ ಮಾಡದೆ, ಒಂದು ಸಾಲು ಲಾಗ್ ಕೂಡ ಬರೆಯದೆ ಮುಂದೆ ಹೋಗೋದು. ಖಾಲಿ ಕ್ಯಾಚ್ ಬ್ಲಾಕು. ಸ್ಕ್ರೀನ್ ಮೇಲೆ ಎರರ್ ಕಾಣಲ್ಲ, ಮ್ಯಾನೇಜರಿಗೆ ಖುಷಿ. ಫ್ರೆಶರ್ ಯಾರಾದರೂ ಹಾಗೆ ಬರೆದು ತಂದರೆ ರಿವ್ಯೂನಲ್ಲಿ ನಾನು ಅವನ ನೀರಿಳಿಸ್ತೀನಿ. ಮನೆಗೆ ಬಂದು ಅದನ್ನೇ ಎಪಾಕ್ಸಿಯಲ್ಲಿ ಬರೆಸಿದೆ.

ಊರಿನ ಬಚ್ಚಲು ನೆನಪಾಗುತ್ತೆ ಇಂಥ ಹೊತ್ತಿನಲ್ಲಿ. ನಮ್ಮದು ಚನ್ನರಾಯಪಟ್ಟಣದ ಕಡೆ. ಬಚ್ಚಲಿಗೆ ದೊಡ್ಡ ಚಪ್ಪಡಿ ಕಲ್ಲು, ಪಕ್ಕದಲ್ಲಿ ಹಂಡೆ ಒಲೆ, ಗೋಡೆಯಲ್ಲಿ ಒಂದು ತೂತು. ನೀರು ತೂತಿನಿಂದ ಹಿತ್ತಲಿಗೆ, ಬಾಳೆ ಬುಡಕ್ಕೆ, ಅಲ್ಲಿಂದ ತೆಂಗಿಗೆ. ನೀರು ಕಟ್ಟಿಕೊಂಡರೆ ಸಂಜೆಯೊಳಗೆ ಗೊತ್ತಾಗುತ್ತಿತ್ತು, ಅವ್ವ ಕೋಲು ಹಾಕಿ ತಿವಿಯುತ್ತಿದ್ದಳು. ಅದನ್ನ ಹೊಗಳೋಕೆ ಹೇಳ್ತಿಲ್ಲ, ಚಳಿಗಾಲದ ಬೆಳಗ್ಗೆ ಆ ಕಲ್ಲಿನ ಮೇಲೆ ಕಾಲಿಡೋದು ನರಕ. ನಾನೇ ಮೊದಲ ಸಂಬಳದ ಗತ್ತಿನಲ್ಲಿ 2011ರಲ್ಲಿ ಅಲ್ಲಿಗೂ ಟೈಲ್ಸ್ ಹಾಕಿಸಿದೆ, ಜಾರುತ್ತೆ ಅಂತ ಅವ್ವ ಮಾರನೇ ದಿನವೇ ಅದರ ಮೇಲೆ ಗೋಣಿಚೀಲ ಹಾಸಿದಳು. ನಾನು ಹೇಳ್ತಿರೋದು ಇಷ್ಟೇ: ಅಲ್ಲಿ ನಮ್ಮ ಬಚ್ಚಲ ನೀರು ನಮ್ಮ ಹಿತ್ತಲಲ್ಲೇ ಬೀಳುತ್ತಿತ್ತು. ಇಲ್ಲಿ ನನ್ನ ನೆಲ ಅಂದರೆ ಇನ್ನೊಬ್ಬರ ಸೂರು. ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ಕೊಂಡವರಿಗೆ ಯಾರೂ ಇದನ್ನ ಹೇಳಿಕೊಡಲ್ಲ. ಕ್ಲಬ್‌ಹೌಸ್ ತೋರಿಸ್ತಾರೆ.

ಅಪ್ಪ 2022ರ ಡಿಸೆಂಬರಿನಲ್ಲಿ ಕಣ್ಣಿನ ಆಪರೇಷನ್ನಿಗೆ ಅಂತ ಬಂದಿದ್ದರು. ಅಷ್ಟು ಹೊತ್ತಿಗೆ ಎರಡನೇ ಕೋಟೂ ಆಗಿತ್ತು. ಸ್ನಾನ ಮುಗಿಸಿ ಬಂದವರು ತಲೆ ಒರೆಸಿಕೊಳ್ಳುತ್ತಾ ಮತ್ತೆ ಬಾತ್‌ರೂಮಿಗೆ ಹೋದರು. ಏನು ಮಾಡ್ತಾರೆ ಅಂತ ನೋಡಿದರೆ, ಕುಕ್ಕರಗಾಲಿನಲ್ಲಿ ಕೂತು, ಐದು ರೂಪಾಯಿ ನಾಣ್ಯದಲ್ಲಿ ನೆಲದ ಟೈಲ್ಸನ್ನ ಒಂದೊಂದಾಗಿ ತಟ್ಟುತ್ತಿದ್ದಾರೆ, ತೆಂಗಿನಕಾಯಿ ತಟ್ಟಿ ನೋಡೋ ಹಾಗೆ. ‘ಈ ಕಡೆ ಗಟ್ಟಿ ಐತೆ. ಈ ಮೂಲೆಯಿಂದ ಅಲ್ಲೀಗಂಟ ಪೊಳ್ಳು ಕಣೋ. ಕೆಳಗೆ ಏನೂ ಇಲ್ಲ. ನೀರ್ ಕೊಚ್ಕೊಂಡ್ ಹೋಗದೆ.’ ಆಮೇಲೆ ನನ್ನ ಮುಖ ನೋಡಿ, ‘ಇದ್ರ ಮ್ಯಾಲೆ ಬಣ್ಣ ಹೊಡ್ಸಿದೀಯಲ್ಲ, ಯಾಕ್ಲಾ?’ ಅಂದರು.

‘ಬಿಲ್ಡರ್ ಕಡೆಯವ್ರೇ ಮಾಡಿಕೊಟ್ಟಿದ್ದು, ಫ್ರೀ’ ಅಂದೆ. ಅಪ್ಪ ಮಾತಾಡಲಿಲ್ಲ.

2023ರ ಏಪ್ರಿಲ್. ಬೆಳಗ್ಗೆ ಆರೂವರೆ. ಕೆಳಗಿನಿಂದ ಏನೋ ಬಿದ್ದ ಸದ್ದು, ಆಮೇಲೆ ಮೇಷ್ಟ್ರ ಹೆಂಡತಿ ಕೂಗಿದ್ದು. ಓಡಿದೆ. ಸೀಲಿಂಗಿನ ಗಾರೆ ಎರಡು ಅಡಿ ಅಗಲಕ್ಕೆ ಕಳಚಿ ಬಿದ್ದಿತ್ತು. ಒಳಗಿನ ಕಬ್ಬಿಣ ಕೆಂಪಗೆ ತುಕ್ಕು ಹಿಡಿದು ಹಪ್ಪಳದ ಹಾಗೆ ಎದ್ದಿತ್ತು. ನೀರು ತುಂಬಿದ ಬಕೆಟ್ಟು ಎರಡು ಹೋಳು. ಆಕೆ ಸ್ನಾನ ಮುಗಿಸಿ, ಸೀರೆ ಮರೆತು ಬಂದೆ ಅಂತ ಆಚೆ ಬಂದಿದ್ದರಂತೆ, ಒಂದು ನಿಮಿಷವೂ ಆಗಿರಲಿಲ್ಲ. ಎಪ್ಪತ್ತೊಂದು ವರ್ಷ ಅವರಿಗೆ. ಕೈ ನಡುಗುತ್ತಿತ್ತು. ನನ್ನನ್ನ ನೋಡಿ, ‘ನಿಮ್ ಮನೇಲಿ ಮಕ್ಕಳು ಎದ್ದುಬಿಟ್ರೇನೋ ಸದ್ದಿಗೆ’ ಅಂದರು.

ನಾನು ಮೇಲೆ ಬಂದು ನನ್ನ ಬೆಳ್ಳನೆಯ ಬಾತ್‌ರೂಮಿನ ಬಾಗಿಲಲ್ಲಿ ನಿಂತೆ. ಒಂದು ಕಲೆ ಇಲ್ಲ. ಅದನ್ನ ಫೋಟೋ ತೆಗೆದು ಯಾರಿಗಾದರೂ ತೋರಿಸಿದರೆ ಎಷ್ಟು ನೀಟು ಅನ್ನಬೇಕು.

ಬಿಲ್ಡರಿಗೆ ಫೋನ್ ಮಾಡಿದರೆ, ‘ಸಾರ್, ನಿಮ್ದು ಐದು ವರ್ಷ ಮುಗೀತಲ್ಲ’ ಅಂದರು. ಎರಡು ತಿಂಗಳ ಹಿಂದೆ ಮುಗಿದಿತ್ತು. ಆಗ ಕೂತು ಕಾನೂನು ಓದಿದೆ. ಐದು ವರ್ಷ ಮೊದಲೇ ಓದಬೇಕಾಗಿತ್ತು. ರೇರಾ ಅಂತ ಕರೆಯುವ 2016ರ ಕಾಯ್ದೆಯ 14ನೇ ಸೆಕ್ಷನ್ನು, 3ನೇ ಉಪವಿಭಾಗ. ಮನೆ ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ, ಕೆಲಸದ ಗುಣಮಟ್ಟದಲ್ಲೋ ದೋಷ ಇದೆ ಅಂತ ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದೊಳಗೆ ಒಂದು ರೂಪಾಯಿ ಕೇಳದೆ ಸರಿ ಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ‘ಗಮನಕ್ಕೆ ತಂದರೆ’ ಅನ್ನೋ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ. ನಾನು ಗಮನಕ್ಕೆ ತಂದಿದ್ದೆ, ಮೂರು ಸಲ, ಅವರ ಆ್ಯಪ್‌ನಲ್ಲಿ. ಅಸೋಸಿಯೇಷನ್ನಿಗೆ ಎಲ್ಲ ಹಸ್ತಾಂತರ ಮಾಡಿದಾಗ ಆ ಆ್ಯಪ್ ನಿಂತುಹೋಗಿತ್ತು, ನನ್ನ ಟಿಕೆಟ್ಟುಗಳೂ ಅದರ ಜೊತೆಗೇ. ನನ್ನ ಹತ್ತಿರ ಒಂದು ಇಮೇಲ್ ಇಲ್ಲ, ಒಂದು ಕಾಗದ ಇಲ್ಲ. ಪರಿಚಯದ ವಕೀಲರು ‘ಪುರಾವೆ ಏನಿದೆ?’ ಅಂದರು. ಪುರಾವೆ ಅಂತ ಇದ್ದದ್ದು ಎರಡು ಕೋಟು ಬಣ್ಣ.

ಈಗ ಲೆಕ್ಕ ಹಾಕಿ. ಆ ಬಣ್ಣ ಯಾರಿಗೆ ಉಪಯೋಗಕ್ಕೆ ಬಂತು? ಸೋರಿಕೆ ಒಂದು ದಿನವೂ ನಿಲ್ಲಲಿಲ್ಲ. ಆದರೆ ಒಂದೊಂದು ಕೋಟಿಗೂ ಏಳೆಂಟು ತಿಂಗಳು ನಾವು ಸುಮ್ಮನಿದ್ದೆವು. ಐದು ವರ್ಷದ ಗಡುವು ದಾಟಿಸೋಕೆ ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಬೇಕಂತಲೇ ಮಾಡಿದರು ಅಂತ ನಾನು ಹೇಳಲ್ಲ. ಮೇಸ್ತ್ರಿಗೆ ಟಿಕೆಟ್ ಕ್ಲೋಸ್ ಆಗಬೇಕಿತ್ತು, ಅವನ ಮೇಲಿನವನಿಗೆ ತಿಂಗಳ ರಿಪೋರ್ಟು ಹಸಿರಾಗಬೇಕಿತ್ತು, ನನಗೆ ಬಾತ್‌ರೂಮ್ ಒಡೆಯೋದು ಬೇಡವಾಗಿತ್ತು. ಯಾರೂ ಸಂಚು ಮಾಡಬೇಕಾಗಿರಲಿಲ್ಲ.

ಒಡೆಸಿದೆ. ಮೂರು ದಿನ ಸುತ್ತಿಗೆ. ಟೈಲ್ಸು ಎದ್ದ ಮೇಲೆ ನೋಡಿದರೆ ಬಿಲ್ಡರ್ ಆ ತಗ್ಗಿಗೆ ತುಂಬಿಸಿದ್ದು ಕಟ್ಟಡದ ಕಸ. ಒಡೆದ ಟೈಲ್ಸು, ಸಿಮೆಂಟ್ ಚೀಲ, ಗುಟ್ಕಾ ಪ್ಯಾಕೆಟ್ಟುಗಳು, ಯಾರದೋ ಒಂದು ಹವಾಯಿ ಚಪ್ಪಲಿ. ಎಲ್ಲ ನೆನೆದು ಕಪ್ಪಾಗಿ, ಮೋರಿಯ ವಾಸನೆ. ಪ್ಲಂಬರ್ ಡ್ರೈನ್ ಪೈಪಿನ ಎಲ್ಬೋ ಹಿಡಿದು ಮೆಲ್ಲಗೆ ಎಳೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ‘ಸಲ್ಯೂಷನ್ನೇ ಹಾಕಿಲ್ಲ ಸಾರ್ ಇವ್ರು, ಬರೀ ಸಿಗಿಸಿದಾರೆ’ ಅಂದ. ಪೈಪು ಅಂಟಿಸುವ ಗೋಂದು, ಒಂದು ಜಾಯಿಂಟಿಗೆ ಐದಾರು ರೂಪಾಯಿಯದ್ದು. ಮೊದಲ ದಿನದಿಂದಲೂ ನಮ್ಮ ಪ್ರತಿ ಸ್ನಾನದ ನೀರಿನಲ್ಲಿ ಒಂದು ಪಾಲು ಅಲ್ಲಿಂದ ಇಳಿದಿದೆ. 2019ರಲ್ಲೇ ಆ ಮೂಲೆಯ ನಾಲ್ಕು ಟೈಲ್ಸು ಎಬ್ಬಿಸಿ ನೋಡಿದ್ದರೆ ಅರ್ಧ ದಿನದ ಕೆಲಸ. ನನಗೆ ಈಗ ಖರ್ಚಾಗಿದ್ದು ಒಂದು ಲಕ್ಷ ನಲವತ್ತು ಸಾವಿರ. ಮೇಷ್ಟ್ರ ಸೀಲಿಂಗಿನ ತುಕ್ಕು ಕೆರೆದು, ಕಬ್ಬಿಣಕ್ಕೆ ಲೇಪ ಕೊಟ್ಟು, ಮತ್ತೆ ಗಾರೆ ಮಾಡಿಸಲು ಮೂವತ್ತೆಂಟು ಸಾವಿರ. ಅದನ್ನೂ ನಾನೇ ಕೊಡ್ತೀನಿ ಅಂದರೆ ಅವರು ಒಪ್ಪಲಿಲ್ಲ, ಜಗಳ ಆಡಿ ಅರ್ಧ ಕೊಟ್ಟೆ.

ಇದನ್ನ ಹೇಳಿದಾಗೆಲ್ಲ ಗೆಳೆಯರು ಎರಡು ಮಾತು ಎತ್ತುತ್ತಾರೆ. ಒಂದು, ‘ಎಲ್ಲರೂ ಒಡೆಸಿದರೆ ಆ ಕಸ ಎಲ್ಲಿಗೆ ಹೋಗುತ್ತೆ? ಬಣ್ಣ ಪರಿಸರಕ್ಕೆ ಒಳ್ಳೇದು.’ ನಿಜವಾದ ಪ್ರಶ್ನೆ. ಕಟ್ಟಡದ ಕಸಕ್ಕೆ ಅಂತಲೇ 2016ರಿಂದ ಕೇಂದ್ರದ ನಿಯಮ ಇದೆ, ಆದರೂ ರಾತ್ರಿ ಹೊತ್ತು ಟ್ರ್ಯಾಕ್ಟರ್‌ಗಳು ಅದನ್ನ ಯಾವ ಕೆರೆ ಅಂಚಿಗೆ ಸುರಿಯುತ್ತವೆ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಅದಕ್ಕೇ ನಾನು ಗಟ್ಟಿ ಟೈಲ್ಸನ್ನ ಒಡೀಬೇಡಿ ಅಂತ ಹೇಳಿದ್ದು. ಆದರೆ ನಾಲ್ಕು ಟೈಲ್ಸು ಎತ್ತಿ ಪೈಪು ಸರಿಮಾಡಿದ್ದರೆ ಒಂದು ಬಾಂಡ್ಲಿ ಕಸ. ಬಣ್ಣ ಹೊಡೆದು ನಾಲ್ಕು ವರ್ಷ ತಳ್ಳಿದ್ದಕ್ಕೆ ನನ್ನ ಬಾತ್‌ರೂಮಿನಿಂದ ಹೋಗಿದ್ದು ಒಂದೂವರೆ ಟ್ರ್ಯಾಕ್ಟರ್. ಇನ್ನೊಂದು, ‘ಬಾಡಿಗೆ ಮನೇಲಿರೋ ನಾವು ಏನು ಮಾಡೋಣ? ಓನರ್ ಏನೂ ಮಾಡ್ಸಲ್ಲ, ಟೈಲ್ಸ್ ನೋಡಿದ್ರೆ ವಾಕರಿಕೆ ಬರುತ್ತೆ.’ ನಿಮ್ಮ ದುಡ್ಡಿನಲ್ಲಿ ಓನರ್ ಮನೆಗೆ ಬಣ್ಣ ಹೊಡೆಸಿ, ಆಮೇಲೆ ಅದು ಸಿಪ್ಪೆ ಎದ್ದಾಗ ಅಡ್ವಾನ್ಸಿನಲ್ಲಿ ಮುರಿಸಿಕೊಳ್ಳೋ ಬದಲು ಸಹಿಸಿಕೊಳ್ಳಿ. ಅಡುಗೆಮನೆಗೆ ಕಿತ್ತು ಹಾಕಬಹುದಾದ ಸ್ಟಿಕ್ಕರ್ ಸಿಗುತ್ತೆ, ಚೆನ್ನಾಗಿಯೇ ಇರುತ್ತೆ.

ಕೊಳ್ಳೋಕೆ ಹೋಗುವವರಿಗೆ ನನ್ನ ಅಪ್ಪನ ವಿದ್ಯೆ ಸಾಕು. ಜೇಬಿನಲ್ಲಿ ಒಂದು ನಾಣ್ಯ ಇಟ್ಟುಕೊಂಡು ಹೋಗಿ. ಬಾತ್‌ರೂಮಿನ ನೆಲ, ಗೋಡೆಯ ಕೆಳಗಿನ ಎರಡು ಸಾಲು ತಟ್ಟಿ. ಪೊಳ್ಳು ಸದ್ದು ಬಂದರೆ ಕೇಳಿ. ಹಳೇ ಫ್ಲಾಟಿನಲ್ಲಿ ಟೈಲ್ಸಿನ ಸಂದಿಯೂ ಟೈಲ್ಸಿನದೇ ಬಣ್ಣದಲ್ಲಿದ್ದರೆ ಅದು ಬಳಿದದ್ದು. ಮೂಲೆಯಲ್ಲಿ ಉಗುರು ಹಾಕಿ ನೋಡಿ, ಬ್ರೋಕರ್ ಮುಖ ಹುಳ್ಳಗಾದರೆ ಆಗಲಿ. ನಾಚಿಕೆ ಬಿಟ್ಟು ಕೆಳಗಿನ ಮನೆಯ ಬೆಲ್ ಒತ್ತಿ, ‘ನಿಮ್ ಸೀಲಿಂಗ್ ಒಂದ್ ಸಲ ನೋಡ್ಬಹುದಾ’ ಅಂತ ಕೇಳಿ. ಫ್ಲಾಟಿನ ನಿಜವಾದ ರಿಪೋರ್ಟು ಇರೋದು ಅಲ್ಲಿ. ಈಗಾಗಲೇ ನಿಮ್ಮ ಮನೆ ಸೋರುತ್ತಿದ್ದರೆ, ಬಣ್ಣದ ಡಬ್ಬಿ ಹಿಡಿದು ಬಂದವನಿಗೆ ಮೊದಲು ಪಾಂಡಿಂಗ್ ಟೆಸ್ಟ್ ಮಾಡಪ್ಪಾ ಅನ್ನಿ. ನೆಲದ ಟ್ರ್ಯಾಪಿಗೆ ಬಿರಡೆ ಹಾಕಿ, ಒಂದೆರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗೆ ನೋಡೋದು. ನಿಂತ ನೀರು ಇಳಿಯದೆ, ಬಿರಡೆ ತೆಗೆದ ಮೇಲೆ ಕೆಳಗೆ ತೊಟ್ಟಿಕ್ಕಿದರೆ ಪೈಪು. ನಿಂತಲ್ಲೇ ಇಳಿದರೆ ನೆಲ. ಖರ್ಚು ಇಪ್ಪತ್ತು ಬಕೆಟ್ ನೀರು. ಅವನು ಹೂಂ ಅನ್ನದಿದ್ದರೆ ಬಾಗಿಲು ತೋರಿಸಿ. ಐದು ವರ್ಷ ಆಗಿರದಿದ್ದರೆ ಇವತ್ತೇ ಬಿಲ್ಡರಿಗೆ ಇಮೇಲ್ ಹಾಕಿ, ಫೋಟೋ ಸಮೇತ, ಜೊತೆಗೊಂದು ರಿಜಿಸ್ಟರ್ ಪೋಸ್ಟು.

ಕ್ಯಾಂಟೀನಿನ ಹುಡುಗಾ, ನಿನ್ನ ಬಾತ್‌ರೂಮಿನ ಸಂದಿಗಳು ಬರೀ ಕಪ್ಪಾಗಿದ್ದರೆ ನಂಬರ್ ಕೊಡ್ತೀನಿ, ಹಳೇ ಸಿಮೆಂಟು ಕೆರೆದು ಹೊಸದು ತುಂಬಿಸು, ಮೂರು ಸಾವಿರ ಆಗುತ್ತೆ, ಅದೇ ಪೇಂಟರ್ ಆ ಕೆಲಸವನ್ನೂ ಮಾಡ್ತಾನೆ. ಕೆಳಗಿನ ಮನೆಯವರು ನಿನ್ನ ಹತ್ತಿರ ಒಂದು ಸಲವಾದರೂ ಬಂದು ಹೇಳಿದ್ದರೆ ಮಾತ್ರ ಕೊಡಲ್ಲ. ನೀನು ಮಾರೋದು ಮೂವತ್ತು ವರ್ಷದ ಸಾಲ ಮಾಡಿ ಕೊಳ್ಳುವ ಇನ್ಯಾವನಿಗೋ. ಅವನೂ ನಮ್ಮ ಹಾಗೆ ಯಾವುದೋ ಊರಿಂದ ಬಂದವನೇ ಇರ್ತಾನೆ.

ಮೇಷ್ಟ್ರ ಸೀಲಿಂಗಿನಲ್ಲಿ ಹೊಸ ಗಾರೆಯ ಜಾಗ ಇನ್ನೂ ಹಾಗೇ ಇದೆ, ಬೂದು ಬಣ್ಣದಲ್ಲಿ. ಕೆಲಸ ಮುಗಿದ ವಾರ ನಾನೇ ಹೋಗಿ, ‘ಪೇಂಟರ್ ಕಳಿಸ್ಲಾ ಸಾರ್?’ ಅಂತ ಕೇಳಿದ್ದೆ. ಕತ್ತೆತ್ತಿ ಒಂದು ಸಲ ಮೇಲೆ ನೋಡಿದರು. ‘ಬೇಡ ಇವ್ರೆ, ಈ ಮಳೆಗಾಲ ಕಳೀಲಿ. ಒಳಗೆ ಪೂರ್ತಿ ಒಣಗಿದೆಯೋ ಇಲ್ವೋ ನೋಡ್ಕೊಂಡು ಆಮೇಲೆ ಬಣ್ಣ ಹೊಡಿಸ್ತೀನಿ’ ಅಂದರು.